ಉಬ್ಬದ ಬಿಸ್ಕತ್ತಿನ ಪ್ರಸಂಗ

“ಚಿಕ್ಕಮ್ಮಾ, ಬಿಸ್ಕತ್ತು ಉಬ್ಬಲೇ ಇಲ್ಲ!”

ಸಂಜೆ ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಬಂದ ಫೋನು ಅದು. ಆ ತುದಿಯಲ್ಲಿದ್ದವನು ನನ್ನ ಅಕ್ಕನ ಮಗ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎಂ.ಎಸ್. ಓದಲು ಹೋಗಿ ಆಗ ಎರಡು ತಿಂಗಳಾಗಿತ್ತು. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

ಬಿಸ್ಕತ್ತು ಯಾಕಪ್ಪಾ ಉಬ್ಬಬೇಕು ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ನಮ್ಮ ಬೇಕರಿಯ ಬೆಣ್ಣೆ ಬಿಸ್ಕತ್ತಾಗಲಿ, ಖಾರಾ ಬಿಸ್ಕತ್ತಾಗಲಿ ಉಬ್ಬುವ ಜಾತಿಯವಲ್ಲ. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ‘ಎರಡು ಸಲ ಬೇಯಿಸಿದ್ದು’ ಎಂದು ಅರ್ಥ. ಗರಿಗರಿಯಾಗಿರುವುದೇ ಅದರ ಧರ್ಮ. ಆದರೆ ಅಮೆರಿಕನ್ನರ ಬಿಸ್ಕತ್ತು ಬೇಯುವುದು ಒಂದೇ ಸಲ. ಅದು ಅಂಗೈಯಗಲದ, ಪದರು ಪದರಾದ, ಬನ್ನಿನಂತೆ ಮೆತ್ತಗಿನ ತಿಂಡಿ. ದಕ್ಷಿಣದ ರಾಜ್ಯಗಳಲ್ಲಿ ಬೆಳಗಿನ ಉಪಾಹಾರಕ್ಕೆ ಅದು ಬೇಕೇ ಬೇಕು, ನಮಗೆ ಇಡ್ಲಿ ಇದ್ದ ಹಾಗೆ. ಮನೆಯಲ್ಲಿ ಹಿಟ್ಟು ಕಲಸಲು ಪುರುಸೊತ್ತಿಲ್ಲದವರಿಗೆ ಅಂಗಡಿಯ ಫ್ರೀಜರಿನಲ್ಲಿ ಹಸಿ ಬಿಸ್ಕತ್ತುಗಳು ಕಲ್ಲಿನಂತೆ ಹೆಪ್ಪುಗಟ್ಟಿ ಚೀಲದಲ್ಲಿ ಸಿಗುತ್ತವೆ. ಬೇಕಾದಷ್ಟನ್ನು ತೆಗೆದು ಓವನ್ನಿನಲ್ಲಿ ಬೇಯಿಸಿಕೊಂಡರಾಯಿತು. ಕೋಣೆಯ ಬಾಡಿಗೆ ಕೊಟ್ಟು ಕೈಯಲ್ಲಿ ಹೆಚ್ಚೇನೂ ಉಳಿಯದ ವಿದ್ಯಾರ್ಥಿಗೆ ಹೋಟೆಲಿನ ತಿಂಡಿಗಿಂತ ಇದು ಅನುಕೂಲ.

“ಏನು ಮಾಡಿದೆ, ಹೇಳು” ಎಂದೆ.

“ಹಿಟ್ಟು ತಾನೆ? ಅಮ್ಮ ದೋಸೆ ಹಿಟ್ಟು ಇಡೋ ಹಾಗೆ ರಾತ್ರಿ ಮೇಜಿನ ಮೇಲಿಟ್ಟೆ. ಬೆಳಿಗ್ಗೆ ಹುದುಗು ಬಂದಿರುತ್ತೆ ಅಂದ್ಕೊಂಡೆ.”

ನಗು ಬಂತು. ಆದರೂ ಹುಡುಗನ ತರ್ಕದಲ್ಲಿ ತಪ್ಪೇನಿತ್ತು? ನಮ್ಮ ಅಡುಗೆಮನೆಯಲ್ಲಿ ಬೆಳೆದವರು ಯಾರಾದರೂ ಹಾಗೆಯೇ ಯೋಚಿಸುತ್ತಾರೆ. ಪಿಯುಸಿ ಮಕ್ಕಳಿಗೆ ಇಷ್ಟು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟ ನಾನೇ ಅವನ ಜಾಗದಲ್ಲಿದ್ದಿದ್ದರೂ ಇದನ್ನೇ ಮಾಡುತ್ತಿದ್ದೆನೇನೋ.

ದೋಸೆ ಹಿಟ್ಟಿನಲ್ಲಿ ಜೀವವಿದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ದುಡಿದು ಅನಿಲ ಹುಟ್ಟಿಸುತ್ತವೆ. ಕಾದಷ್ಟೂ ಹಿಟ್ಟು ಏಳುತ್ತದೆ. ಬಿಸ್ಕತ್ತಿನ ಹಿಟ್ಟಿನಲ್ಲಿ ಅಂಥ ಆಳುಗಳಿಲ್ಲ. ಅಲ್ಲಿರುವುದು ಬೇಕಿಂಗ್ ಪೌಡರ್. ಇಂಗ್ಲೆಂಡಿನ ಆಲ್‌ಫ್ರೆಡ್ ಬರ್ಡ್ ಎಂಬಾತ 1843ರಲ್ಲಿ ಇದನ್ನು ತಯಾರಿಸಿದ್ದು, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ! ಸೋಡಾ ಮತ್ತು ಆಮ್ಲ ಸೇರಿದರೆ ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂಬುದು ಹೈಸ್ಕೂಲಿನ ಪಾಠ. ಇಂದಿನ ಪುಡಿಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಆಮ್ಲಲವಣಗಳಿರುತ್ತವೆ. ಒಂದು ನೀರು ತಗುಲಿದ ಕೂಡಲೇ ಕೆಲಸ ಶುರುಮಾಡುತ್ತದೆ, ಇನ್ನೊಂದು ಬಿಸಿಗಾಗಿ ಕಾಯುತ್ತದೆ. ಆದರೆ ಆ ಶಕ್ತಿ ಒಮ್ಮೆ ಖರ್ಚಾದರೆ ಮುಗಿಯಿತು, ಮತ್ತೆ ಹುಟ್ಟುವುದಿಲ್ಲ. ಫ್ರೀಜರಿನ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿ, ಆ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ರಾತ್ರಿಯಿಡೀ ಹೊರಗಿಟ್ಟರೆ ಅನಿಲವೆಲ್ಲ ಸದ್ದಿಲ್ಲದೆ ಸೋರಿಹೋಗುತ್ತದೆ.

ಜೊತೆಗೆ ಬೆಣ್ಣೆಯ ಸಂಗತಿ. ಹಿಟ್ಟಿನ ನಡುನಡುವೆ ಬೆಣ್ಣೆಯೋ ಬೇರೆ ಕೊಬ್ಬೋ ಚೂರುಚೂರಾಗಿ ಗಟ್ಟಿಯಾಗಿ ಕೂತಿರಬೇಕು. ಜೋರು ಬಿಸಿಗೆ ಅದು ಕರಗಿ ಸಂದು ಬಿಡುತ್ತದೆ. ಬೆಣ್ಣೆಯಲ್ಲೂ ಹಿಟ್ಟಿನಲ್ಲೂ ಇರುವ ನೀರು ಹಬೆಯಾಗಿ ಸುಮಾರು 1,600 ಪಟ್ಟು ಹಿಗ್ಗಿ ಆ ಸಂದುಗಳನ್ನು ಮೇಲೆತ್ತುತ್ತದೆ. ಪದರಗಳ ಗುಟ್ಟು ಇದೇ. ಮೇಜಿನ ಮೇಲೆಯೇ ಮೆತ್ತಗಾಗಿ ಹಿಟ್ಟಿಗೆ ಹೀರಿಕೊಂಡ ಬೆಣ್ಣೆ ಏನನ್ನು ಎತ್ತೀತು? ನಮ್ಮ ಹುಡುಗನಿಗೆ ಸಿಕ್ಕಿದ್ದು ಜಿಡ್ಡು ಜಿಡ್ಡಾದ ಚಪ್ಪಟೆ ಬಿಲ್ಲೆ. “ಮಿಕ್ಕಿದ್ದನ್ನು ಬಿಸಾಡು, ತಿನ್ನಬೇಡ” ಎಂದೆ. ಮಜ್ಜಿಗೆ, ಬೆಣ್ಣೆ ಬೆರೆತ ಹಿಟ್ಟನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡುವುದು ಅಪಾಯ. ಅವನು ಆಗಲೇ ಎರಡು ತಿಂದಿದ್ದ. ಪುಣ್ಯಕ್ಕೆ ಏನೂ ಆಗಲಿಲ್ಲ.

ಹಾಗಾದರೆ ಸರಿಯಾದ ಕ್ರಮ? ಮೊದಲು ಓವನ್ ಪೂರ್ತಿ ಕಾಯಲಿ. ಇಂಥ ಚೀಲಗಳ ಮೇಲೆ ಸಾಮಾನ್ಯವಾಗಿ 375 ಡಿಗ್ರಿ ಎಂದಿರುತ್ತದೆ, ಅದು ಫ್ಯಾರನ್‌ಹೀಟ್. ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ ಸುಮಾರು 190 ಸೆಲ್ಸಿಯಸ್. ಒಳಗೆ ಫ್ಯಾನ್ ತಿರುಗುವ ಓವನ್ ಆದರೆ 25 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿ. ಬಿಸ್ಕತ್ತುಗಳನ್ನು ಫ್ರೀಜರಿನಿಂದ ತೆಗೆದು, ಕರಗಲು ಬಿಡದೆ ನೇರವಾಗಿ ತಟ್ಟೆಯಲ್ಲಿಡಿ. ಇಲ್ಲೊಂದು ಚಮತ್ಕಾರವಿದೆ. ಒಂದಕ್ಕೊಂದು ತಗುಲಿಸಿ ಇಟ್ಟರೆ ಪಕ್ಕಕ್ಕೆ ಹರಡಲು ಜಾಗವಿಲ್ಲದೆ ಮೇಲಕ್ಕೇ ಏಳುತ್ತವೆ, ಮೆತ್ತಗೂ ಇರುತ್ತವೆ. ಅಂಚು ಗರಿಗರಿ ಬೇಕೆಂದರೆ ದೂರ ದೂರ ಇಡಿ. ಕಪ್ಪು ತಟ್ಟೆಯಲ್ಲಿ ತಳ ಬೇಗ ಸೀಯುತ್ತದೆ, ಎಚ್ಚರ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದಲ್ಲಿ ಹೊಂಬಣ್ಣ ಬರುತ್ತದೆ. ಬಣ್ಣ ನೋಡಿ ಮೋಸಹೋಗದೆ ಒಂದನ್ನು ಬಿಡಿಸಿ ನೋಡಿ. ನಡುವೆ ಹಸಿ ಅಂಟಿದ್ದರೆ ಇನ್ನೆರಡು ನಿಮಿಷ. ಹಸಿ ಹಿಟ್ಟಿನ ರುಚಿ ನೋಡುವ ಚಪಲ ಮಾತ್ರ ಬೇಡ. 2016ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಜನ ಇ-ಕೋಲೈ ಸೋಂಕಿನಿಂದ ಮಲಗಿದ್ದು ಹಸಿ ಹಿಟ್ಟಿನಿಂದಲೇ. ಮೈಕ್ರೋವೇವ್‌ನಲ್ಲಿ ಇಟ್ಟರೆ ಬಿಸಿಯಾದೀತು, ಹೊರಮೈ ಕೆಂಪಗಾಗದು.

ಸಸ್ಯಾಹಾರಿಗಳ ಮಕ್ಕಳಿಗೆ ಇನ್ನೊಂದು ಮಾತು. ಚೀಲದ ಹಿಂಬದಿಯ ಪಟ್ಟಿಯಲ್ಲಿ ‘ಲಾರ್ಡ್’ ಎಂದಿದ್ದರೆ ಅದು ಹಂದಿಯ ಕೊಬ್ಬು. ಎಲ್ಲದರಲ್ಲೂ ಇರುವುದಿಲ್ಲ, ಓದಿಯೇ ಕೊಳ್ಳಬೇಕು. ಉಪ್ಪು, ಕೊಬ್ಬು ಎರಡೂ ಧಾರಾಳವಾಗಿರುವುದರಿಂದ ದಿನನಿತ್ಯದ ತಿಂಡಿಯಂತೂ ಅಲ್ಲ.

ಮುಂದಿನ ಭಾನುವಾರ ಫೋಟೋ ಬಂತು. ತಟ್ಟೆಯ ತುಂಬ ಹೊಂಬಣ್ಣದ, ದಪ್ಪ ದಪ್ಪ ಬಿಸ್ಕತ್ತುಗಳು! ಅಕ್ಕನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಫೋನು ಕಿತ್ತುಕೊಂಡು ಕೇಳಿದ್ದು ಒಂದೇ: “ಅದಕ್ಕೆ ಏನೋ ನಂಚಿಕೊಂಡೆ?”

“ಬೆಣ್ಣೆ ಹಚ್ಚಿ, ಮೇಲೆ ನಿನ್ನ ಚಟ್ನಿಪುಡಿ ಉದುರಿಸಿಕೊಂಡೆ ಅಮ್ಮ. ಡಬ್ಬಿ ಖಾಲಿ. ನನ್ನ ರೂಮ್‌ಮೇಟೂ ಕೇಳ್ತಿದಾನೆ.”

ಮರುದಿನ ಬೆಳಿಗ್ಗೆ ಅಕ್ಕ ಕೊಬ್ಬರಿ ತುರಿಯುತ್ತಾ ಕೂತಿದ್ದಳು.