ತ್ವರಿತ ಶಿಕ್ಷಣವೆಂದರೇನು?

ಶಾಲೆಗೆ ಸೇರತಕ್ಕ ವಯಸ್ಸಿನಲ್ಲಿ ಸೇರದೆ, ತಮ್ಮತಂಗಿಯರನ್ನು ಎತ್ತಿಕೊಂಡೋ ದನ ಕಾದುಕೊಂಡೋ ಇದ್ದ ಬಾಲಕಿಯೊಬ್ಬಳು ಹತ್ತನೆಯ ವಯಸ್ಸಿನಲ್ಲಿ ಅಕ್ಷರ ಕಲಿಯಬಯಸಿದರೆ ಅವಳನ್ನು ಯಾವ ತರಗತಿಯಲ್ಲಿ ಕುಳ್ಳಿರಿಸಬೇಕು? ಒಂದನೆಯ ತರಗತಿಯ ಎಳೆಯರ ನಡುವೆ ಕೂಡಲು ಅವಳಿಗೆ ನಾಚಿಕೆ. ಐದನೆಯ ತರಗತಿಯಲ್ಲಿ ಪಾಠವೊಂದೂ ತಿಳಿಯದು. ಕ್ರಮವಾಗಿ ಒಂದೊಂದೇ ಮೆಟ್ಟಿಲು ಹತ್ತಲೆಂದರೆ ಅಷ್ಟರಲ್ಲಿ ಮನೆಯವರು ಮದುವೆಯ ಮಾತೆತ್ತುವರು. ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ತ್ವರಿತ ಶಿಕ್ಷಣ.

ಪಾಠಗಳನ್ನು ಅವಸರದಿಂದ ಓಡಿಸುವುದೇ ಇದೆಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಸಂತೆಯಲ್ಲಿ ಚಿಲ್ಲರೆ ಎಣಿಸಿ ತಂದ ಹುಡುಗಿಗೆ ಕೂಡುವ ಲೆಕ್ಕ ಹೊಸದಲ್ಲ. ಅದನ್ನು ಬರೆಯುವ ಬಗೆ ಮಾತ್ರ ಹೊಸದು. ಬಲ್ಲುದನ್ನು ಮತ್ತೆ ಕಲಿಸದೆ, ದಿನದ ಬಹುಭಾಗವನ್ನು ಓದು ಬರಹ ಲೆಕ್ಕಗಳಿಗೇ ಮೀಸಲಿಟ್ಟರೆ ಕಾಲವು ತಾನಾಗಿ ಉಳಿಯುತ್ತದೆ.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯು 1985ರಲ್ಲಿ 22 ಶಾಲೆಗಳೊಡನೆ ಈ ಕಾರ್ಯಕ್ಕೆ ತೊಡಗಿತು. ಒಂದೇ ಕೊಠಡಿ, ಮೂವತ್ತರಷ್ಟು ಮಕ್ಕಳು, ಅವರಲ್ಲಿ ಬಾಲಕಿಯರೇ ಹೆಚ್ಚು. ಉಪಾಧ್ಯಾಯಿನಿಯು ಬಹುಮಟ್ಟಿಗೆ ಅದೇ ಊರಿನ ಗೃಹಿಣಿ. ಮುಂದೆ ಐದು ವರ್ಷಗಳ ಪಾಠವನ್ನು ನಾಲ್ಕರಲ್ಲಿ ಮುಗಿಸುವ ಕ್ರಮವು ಅಲ್ಲಿ ನೆಲೆಗೊಂಡಿತು. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ 1999ರಲ್ಲಿ ಆರಂಭವಾದ ‘ಉಡಾನ್’ ವಸತಿ ಶಿಬಿರವು ಶಾಲೆ ತಪ್ಪಿದ ಬಾಲಕಿಯರನ್ನು 11 ತಿಂಗಳಲ್ಲಿ ಐದನೆಯ ತರಗತಿಯ ಮಟ್ಟಕ್ಕೆ ತರುವ ಗುರಿಯಿಟ್ಟುಕೊಂಡಿತು. ನಮ್ಮ ಕರ್ನಾಟಕದ ‘ಚಿನ್ನರ ಅಂಗಳ’ವೂ ಇದೇ ಬಳಗದ್ದು.

ಆದರೆ ಶಾಲೆಯ ಹೊರಗಿರುವವರಿಗಿಂತ, ಒಳಗೇ ಕುಳಿತು ಕಲಿಯದಿರುವವರ ಸಂಗತಿ ನಮಗೆ ಹೆಚ್ಚು ಕಳವಳಕರವಾಗಿ ತೋರುತ್ತದೆ. ಅವರ ಹೆಸರು ಹಾಜರಿ ಪುಸ್ತಕದಲ್ಲಿರುವುದರಿಂದ ಯಾರೂ ಅವರನ್ನು ಹುಡುಕುವುದಿಲ್ಲ. ಕಳೆದುಹೋದ ಕುರಿಯನ್ನಾದರೂ ಕುರುಬನು ಅರಸಿ ಹೊರಟನು. ಹಟ್ಟಿಯೊಳಗೇ ಸೊರಗುವ ಕುರಿಯ ಗತಿಯೇನು? ದೇಶದ ಗ್ರಾಮಾಂತರ ಪ್ರದೇಶಗಳ ಅಸರ್ ಸಮೀಕ್ಷೆಯಂತೆ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಐದನೆಯ ತರಗತಿಯ ಮಕ್ಕಳು 2018ರಲ್ಲಿ ನೂರಕ್ಕೆ 50.5, ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದ ತರುವಾಯ, 2022ರಲ್ಲಿ, 42.8.

ಇಂಥವರಿಗಾಗಿ ‘ಪ್ರಥಮ್’ ಸಂಸ್ಥೆಯು ರೂಪಿಸಿದ ಕ್ರಮ ಬಹು ಸರಳ. ಮಗುವನ್ನು ಒಬ್ಬೊಬ್ಬರಾಗಿ ಕರೆದು ಅಕ್ಷರ, ಪದ, ನಾಲ್ಕು ವಾಕ್ಯ, ಸಣ್ಣ ಕಥೆ ಇವುಗಳಲ್ಲಿ ಎಲ್ಲಿಯವರೆಗೆ ಓದಬಲ್ಲದೆಂದು ನೋಡುವರು. ಬಳಿಕ ದಿನದ ಕೆಲವು ಹೊತ್ತು, ತರಗತಿಯನ್ನೆಣಿಸದೆ, ಸಮಾನ ಮಟ್ಟದವರನ್ನು ಒಟ್ಟಿಗೆ ಕುಳ್ಳಿರಿಸಿ ಕಲಿಸುವರು. ಉತ್ತರ ಪ್ರದೇಶದಲ್ಲಿ 2013–14ರಲ್ಲಿ ನಡೆದ ಇಂಥ ಶಿಬಿರಗಳ ಕೊನೆಯಲ್ಲಿ, ಓದಬಲ್ಲವರ ಪ್ರಮಾಣವು ಶಿಬಿರವಿಲ್ಲದ ಶಾಲೆಗಳದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು.

ಕನ್ನಡದ ಮಗುವು ಸಾಮಾನ್ಯವಾಗಿ ಎಡವುವುದು ವರ್ಣಮಾಲೆಯಲ್ಲಲ್ಲ. ‘ಕ’ವನ್ನು ಗುರುತಿಸಿದ ಮಗು ‘ಕಿ’, ‘ಕೊ’ಗಳಲ್ಲಿ ತಡವರಿಸುತ್ತದೆ; ಗುಣಿತ ದಾಟಿದ ಮೇಲೂ ಒತ್ತಕ್ಷರ ಅಡ್ಡ ಬಂದು, ‘ಹತ್ತು’ ಎಂಬುದು ‘ಹತು’ ಆಗುತ್ತದೆ. ಎಡವಿದ ಸ್ಥಳ ತಿಳಿದರೆ ಅಲ್ಲಿಂದಲೇ ತೊಡಗಬಹುದು. ತಿಳಿಯದಿದ್ದರೆ ಮತ್ತೆ ಅಆಇಈಯಿಂದ ಆರಂಭಿಸಿ ಮಗುವಿಗೆ ಬೇಸರ ತರುತ್ತೇವೆ.

ಲೆಕ್ಕದಲ್ಲಿಯೂ ಹೀಗೆಯೇ. 52ರಲ್ಲಿ 27 ಕಳೆಯೆಂದರೆ ಕೆಲವು ಮಕ್ಕಳು 35 ಎನ್ನುವರು. ಎರಡರಲ್ಲಿ ಏಳು ಹೋಗದೆಂದು ಏಳರಿಂದಲೇ ಎರಡನ್ನು ಕಳೆದಿರುತ್ತಾರೆ. ಇದು ಅಲಕ್ಷ್ಯವಲ್ಲ, ಸ್ಥಾನಬೆಲೆ ತಿಳಿಯದ ಕುರುಹು, ಗದರಿಸಿದರೆ ಹೋಗದು. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು, ಒಂದು ಕಟ್ಟನ್ನು ತಾನೇ ಬಿಚ್ಚುವಂತೆ ಮಾಡಿದರೆ ಹನ್ನೆರಡು ಬಿಡಿ ಕಡ್ಡಿಗಳು ಕಣ್ಣೆದುರೇ ಬೀಳುವುವು. 25 ಎಂಬ ಉತ್ತರವನ್ನು ಮಗುವೇ ಎಣಿಸಿ ಹೇಳೀತು.

ಶಿಬಿರ ಮುಗಿದ ಮರುದಿನ ಮಗುವನ್ನು ಹಳೆಯ ಬೆಂಚಿಗೇ ಕಳುಹಿಸಿ ಮರೆತರೆ ಕಲಿತದ್ದು ಜಾರಿಹೋಗುವ ಭಯವುಂಟು. ಅಲ್ಲಿಯ ಉಪಾಧ್ಯಾಯರಿಗೆ ಪಾಠಪುಸ್ತಕ ಮುಗಿಸುವ ಒತ್ತಾಯ. ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಕರ್ನಾಟಕ ಸರ್ಕಾರವು 2022–23ರಲ್ಲಿ ‘ಕಲಿಕಾ ಚೇತರಿಕೆ’ಯೆಂದು ಇಡೀ ವರ್ಷವನ್ನೇ ಹಿಂದುಳಿದ ಕಲಿಕೆಗೆ ಕೊಟ್ಟದ್ದನ್ನು ನಾವು ಈ ಕಾರಣದಿಂದಲೇ ಮೆಚ್ಚುತ್ತೇವೆ.

ಮನೆಯಲ್ಲಿ ಮಗುವಿನ ಮಟ್ಟವನ್ನರಿಯಬಯಸುವ ತಂದೆತಾಯಿಗಳು ಎರಡನೆಯ ತರಗತಿಯ ಪುಸ್ತಕದಿಂದ, ಮಗು ಬಾಯಿಪಾಠ ಮಾಡಿರದ ಒಂದು ಪುಟವನ್ನು ತೆರೆದು ಓದಿಸಿ ನೋಡಲಿ. ನಡುವೆ ತಿದ್ದದೆ, ನಿಂತ ಅಕ್ಷರವನ್ನು ಮಾತ್ರ ಗುರುತು ಹಾಕಿಕೊಂಡು ಉಪಾಧ್ಯಾಯಿನಿಯವರಿಗೆ ತೋರಿಸಿದರೆ ಸಾಕು.