ಅಗ್ನಿಶಾಮಕ ದಳ ಬರುವ ಮುನ್ನ

‘ಮನೆ ಹತ್ತಿ ಉರಿಯುವಾಗ ಬಾವಿ ತೋಡಿದರು’ ಎಂಬುದು ನಮ್ಮ ಹಿರಿಯರ ಗಾದೆ. ಹುಲ್ಲು ಮಾಡಿನ ಮನೆಗಳ ಕಾಲದಲ್ಲಿ ಹುಟ್ಟಿದ ಈ ಮಾತು ಮುಂಬಯಿಯ ಗಗನಚುಂಬಿ ಕಟ್ಟಡಗಳಿಗೂ ಅಷ್ಟೇ ಸಲ್ಲುತ್ತದೆ. ಇಲ್ಲಿ ಬಾವಿ ತೋಡಬೇಕಾಗಿಲ್ಲ, ನಿಜ. 101ಕ್ಕೆ ದೂರವಾಣಿ ಮಾಡಿದರೆ ಕೆಂಪು ವಾಹನಗಳು ಧಾವಿಸಿ ಬರುತ್ತವೆ. ಆದರೆ ಅವು ಬಂದು ತಲಪುವವರೆಗಿನ ಕೆಲವು ನಿಮಿಷಗಳು ಯಾರ ಹೊಣೆ? ಸಾವು-ಬದುಕು ಬಹುಪಾಲು ನಿರ್ಧಾರವಾಗುವುದು ಆ ನಿಮಿಷಗಳಲ್ಲೇ ಎಂಬುದನ್ನು ನಾವು ಆಲೋಚಿಸುವುದು ಕಡಿಮೆ.

ಬೈಕಲಾದಲ್ಲಿ ಪ್ರಧಾನ ಕಚೇರಿಯುಳ್ಳ ಮುಂಬಯಿ ಅಗ್ನಿಶಾಮಕ ದಳದ ಇತಿಹಾಸವು ತ್ಯಾಗದ ಇತಿಹಾಸ. 1944ರ ಎಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರೊಳಗೆ ಹತ್ತಿಯ ಮೂಟೆಗಳೊಡನೆ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿದಾಗ, ಬೆಂಕಿಯೊಡನೆ ಹೋರಾಡುತ್ತಿದ್ದ ದಳದ 66 ಮಂದಿ ಪ್ರಾಣಾರ್ಪಣೆ ಮಾಡಿದರು. ಅವರ ಸ್ಮರಣೆಗಾಗಿಯೇ ದೇಶಾದ್ಯಂತ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವೆಂದೂ, ಎಪ್ರಿಲ್ 14ರಿಂದ 20ರವರೆಗಿನ ದಿನಗಳನ್ನು ಅಗ್ನಿಶಾಮಕ ಸೇವಾ ಸಪ್ತಾಹವೆಂದೂ ಆಚರಿಸಲಾಗುತ್ತದೆ.

ಆ ಪರಂಪರೆ ಇಂದಿಗೂ ಮುಗಿದಿಲ್ಲ. 2015ರ ಮೇ 9ರಂದು ಕಾಲ್ಬಾದೇವಿಯ ಹಳೆಯ ಕಟ್ಟಡವೊಂದು ಹೊತ್ತಿ ಉರಿಯಿತು. ನಿವಾಸಿಗಳನ್ನು ಹೊರಗೆ ಸಾಗಿಸಿಯಾಗಿತ್ತು. ಅಷ್ಟರಲ್ಲಿ ಕಟ್ಟಡ ಕುಸಿಯಿತು. ಮುಖ್ಯ ಅಧಿಕಾರಿ ಸುನಿಲ್ ನೇಸರೀಕರ್, ಉಪಮುಖ್ಯ ಅಧಿಕಾರಿ ಸುಧೀರ್ ಅಮೀನ್ ಹಾಗೂ ಅಧಿಕಾರಿಗಳಾದ ಸಂಜಯ ರಾಣೆ, ಮಹೇಂದ್ರ ದೇಸಾಯಿ, ಈ ನಾಲ್ವರನ್ನು ನಗರ ಕಳೆದುಕೊಂಡಿತು. ನಾಲ್ಕು ವರ್ಷಗಳ ನಂತರ, 2019ರ ಜುಲೈ 22ರಂದು ಬಾಂದ್ರಾದ ದೂರವಾಣಿ ನಿಗಮದ ಕಟ್ಟಡದಲ್ಲಿ ಬೆಂಕಿ ಎದ್ದಾಗ ಇದೇ ದಳವು 84 ಮಂದಿಯನ್ನು ಸುರಕ್ಷಿತವಾಗಿ ಕೆಳಗಿಳಿಸಿತು. ಬೆಂಕಿ ನಂದಿಸುವ ರೋಬೋ ಯಂತ್ರವನ್ನೂ ಅಂದು ಬಳಸಲಾಯಿತು.

ಆದರೆ ಎಷ್ಟೇ ಎತ್ತರದ ಏಣಿಯಿದ್ದರೂ, ಎಂಥ ಯಂತ್ರವಿದ್ದರೂ, ವಾಹನಗಳನ್ನು ಅಡ್ಡ ನಿಲ್ಲಿಸಿದ ಇಕ್ಕಟ್ಟಿನ ಗಲ್ಲಿಯೊಳಗೆ ಅದು ನುಗ್ಗಲಾರದು. 2018ರ ಆಗಸ್ಟ್ 22ರಂದು ಪರೇಲಿನ ಕ್ರಿಸ್ಟಲ್ ಟವರಿನಲ್ಲಿ ಬೆಂಕಿ ಬಿದ್ದು ನಾಲ್ವರು ಮಡಿದರು. ಕಟ್ಟಡದ ಸ್ವಂತ ಅಗ್ನಿಶಾಮಕ ವ್ಯವಸ್ಥೆ ಕೆಲಸ ಮಾಡುತ್ತಿರಲಿಲ್ಲವೆಂದು ಆಗ ಬೆಳಕಿಗೆ ಬಂದಿತು. ಅದೇ ಕಟ್ಟಡದಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು, ಶಾಲೆಯಲ್ಲಿ ಕಲಿತಿದ್ದುದನ್ನು ನೆನೆದು, ನೆರೆಯವರಿಗೆ ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಮೂಗು-ಬಾಯಿಗೆ ಹಿಡಿದುಕೊಳ್ಳುವಂತೆ ಹೇಳಿಕೊಟ್ಟಳು. ಆಕೆಗೆ ಮುಂದೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಲಭಿಸಿತು. ಹಿರಿಯರು ಪಾಲಿಸಬೇಕಾದ ವ್ಯವಸ್ಥೆ ಸತ್ತಿತ್ತು. ಮಗು ಕಲಿತ ಪಾಠ ಜೀವಂತವಾಗಿತ್ತು.

ಮಹಾರಾಷ್ಟ್ರದಲ್ಲಿ 2006ರ ಅಗ್ನಿ ನಿವಾರಣಾ ಹಾಗೂ ಜೀವರಕ್ಷಣಾ ಕಾಯಿದೆಯ ಪ್ರಕಾರ, ಕಟ್ಟಡದ ಅಗ್ನಿಶಾಮಕ ಉಪಕರಣಗಳು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ಪರವಾನಿಗೆ ಪಡೆದ ಸಂಸ್ಥೆಯಿಂದ ವರ್ಷಕ್ಕೆರಡು ಬಾರಿ, ಜನವರಿ ಮತ್ತು ಜುಲೈಯಲ್ಲಿ, ಪಡೆದು ಸಲ್ಲಿಸಬೇಕು. ಸೊಸೈಟಿಯ ಸಭೆಯಲ್ಲಿ ನೀರಿನ ತೆರಿಗೆ, ಲಿಫ್ಟಿನ ದುರಸ್ತಿಗಳ ಕುರಿತು ಗಂಟೆಗಟ್ಟಲೆ ವಾದಿಸುವ ನಾವು, ಈ ಪತ್ರ ಸಲ್ಲಿಕೆಯಾಗಿದೆಯೇ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ? ಮೆಟ್ಟಿಲುಗಳ ಮೇಲೆ ಹಳೆಯ ಕಪಾಟು, ಸೈಕಲ್ಲುಗಳಿಲ್ಲವೇ? ‘ರೆಫ್ಯೂಜ್ ಏರಿಯಾ’ ಎಂದು ಬಿಟ್ಟಿರುವ ಆಶ್ರಯತಾಣಕ್ಕೆ ಬೀಗ ಬಿದ್ದಿಲ್ಲವೇ?

ಬೆಂಕಿಯ ಅನಾಹುತದಲ್ಲಿ ಜ್ವಾಲೆಗಿಂತಲೂ ಹೊಗೆಯೇ ದೊಡ್ಡ ಕೊಲೆಗಾರ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಬೆಸೆದುಕೊಳ್ಳುತ್ತದೆ. ಮನುಷ್ಯ ತನಗೇ ಅರಿವಿಲ್ಲದಂತೆ ಪ್ರಜ್ಞೆ ತಪ್ಪುತ್ತಾನೆ. 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ಬೆಂಕಿಯಲ್ಲಿ ಮಡಿದ 14 ಮಂದಿಯಲ್ಲಿ ಹೆಚ್ಚಿನವರು ಉಸಿರುಕಟ್ಟಿ ಸತ್ತವರು. ಹಲವರು ರಕ್ಷಣೆಗೆಂದು ಶೌಚಗೃಹದೊಳಗೆ ಹೊಕ್ಕಿದ್ದರು. ಆದ್ದರಿಂದ ಹೊಗೆ ಕಂಡೊಡನೆ ಬಾಗಿ, ಬೇಕಾದರೆ ತೆವಳಿ, ಮೆಟ್ಟಿಲುಗಳಿಂದಲೇ ಹೊರಬರಬೇಕು. ಲಿಫ್ಟನ್ನು ಬಳಸಲೇಬಾರದು. ಒದ್ದೆ ಬಟ್ಟೆ ಮಸಿಯನ್ನು ತಡೆಯಬಲ್ಲುದೇ ಹೊರತು ವಿಷಾನಿಲವನ್ನು ತಡೆಯಲಾರದು. ಅದನ್ನು ನಂಬಿ ಒಳಗೆ ಉಳಿಯಬಾರದು. ಮೆಟ್ಟಿಲಿನಲ್ಲೇ ಹೊಗೆ ತುಂಬಿದ್ದರೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಲ್ಲಿ ನಿಂತು ಕೂಗಿ ಕರೆಯಬೇಕು.

ಅಡುಗೆಮನೆಯಲ್ಲಿ ಗೃಹಿಣಿಯರು ಎರಡು ವಿಷಯಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಅಡುಗೆ ಅನಿಲವು ಗಾಳಿಗಿಂತ ಭಾರ. ಸೋರಿದಾಗ ನೆಲದ ಮಟ್ಟದಲ್ಲಿ ಹರಡಿಕೊಳ್ಳುತ್ತದೆ. ವಾಸನೆ ಬಂದೊಡನೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ-ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ದೀಪದ ಸ್ವಿಚ್ಚನ್ನು ಹಾಕುವುದಾಗಲೀ ಆರಿಸುವುದಾಗಲೀ ಕೂಡದು. ಎರಡನೆಯದಾಗಿ, ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಬೇಕು.

ಹೋಟೆಲು ಉದ್ಯಮದಲ್ಲಿ ಹೆಸರು ಮಾಡಿದ ನಮ್ಮವರಿಗೆ ಇನ್ನೊಂದು ವಿಶೇಷ ಹೊಣೆಯಿದೆ. 2017ರ ಡಿಸೆಂಬರ್ 18ರ ಮುಂಜಾವಿನಲ್ಲಿ ಸಾಕಿನಾಕಾದ ಫರಸಾಣ್ ಅಂಗಡಿಯೊಂದರಲ್ಲಿ ಬೆಂಕಿ ಎದ್ದು, ಒಳಗೆ ಮಲಗಿದ್ದ 12 ಕಾರ್ಮಿಕರು ಸತ್ತರು. ಊರಿನಿಂದ ಬಂದ ಹುಡುಗರು ರಾತ್ರಿ ಹೋಟೆಲಿನಲ್ಲೇ ಮಲಗುವುದು ನಮ್ಮಲ್ಲೂ ಬಹುಕಾಲದ ರೂಢಿ. ಸಿಲಿಂಡರುಗಳ ಪಕ್ಕದಲ್ಲಿ, ಅಟ್ಟದ ಮೇಲೆ, ಹೊರಗಿನಿಂದ ಬೀಗ ಹಾಕಿದ ಶಟರಿನ ಒಳಗೆ ಮಲಗುವವನೂ ಯಾವುದೋ ತಾಯಿಯ ಮಗನೇ. ಅವನಿಗೆ ಬೇರೆ ಮಲಗುವ ಸ್ಥಳವನ್ನೂ, ಒಳಗಿನಿಂದ ತೆರೆಯಬಲ್ಲ ಬಾಗಿಲನ್ನೂ ಒದಗಿಸುವುದು ದಾನವಲ್ಲ, ಧಣಿಯ ಧರ್ಮ.

ಇನ್ನು ಸುಟ್ಟಗಾಯದ ಉಪಚಾರ. ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ನೆಲದ ಮೇಲೆ ಬಿದ್ದು ಹೊರಳಬೇಕು. ಸುಟ್ಟ ಭಾಗದ ಮೇಲೆ 20 ನಿಮಿಷಗಳ ಕಾಲ ತಣ್ಣೀರನ್ನು ಹರಿಯಬಿಡಬೇಕು. ಮಂಜುಗಡ್ಡೆ ಬೇಡ, ಶಾಯಿ, ತುಪ್ಪ, ದಂತಮಂಜನದ ಲೇಪವೂ ಬೇಡ. ಊತ ಬರುವ ಮೊದಲೇ ಬಳೆ, ಉಂಗುರಗಳನ್ನು ತೆಗೆಯಬೇಕು. ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು, ಗುಳ್ಳೆಗಳನ್ನು ಒಡೆಯಬಾರದು. ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಸಾಗಿಸಬೇಕು. ಚಿಂಚ್‌ಪೋಕ್ಲಿಯ ಕಸ್ತೂರ್ಬಾ ಆಸ್ಪತ್ರೆಯಲ್ಲಿಯೂ ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರಿನಲ್ಲಿಯೂ ಇದಕ್ಕೆ ವಿಶೇಷ ಚಿಕಿತ್ಸೆಯುಂಟು.

ಅಗ್ನಿಶಾಮಕ ದಳದವರು ಶಾಲೆಗಳಲ್ಲಿ, ಸೊಸೈಟಿಗಳಲ್ಲಿ ಪ್ರಾತ್ಯಕ್ಷಿಕೆ ನಡೆಸಿ ಈ ವಿದ್ಯೆಯನ್ನು ಕಲಿಸುತ್ತಾರೆ. ಕನ್ನಡ ಸಂಘಗಳ ಸಭಾಂಗಣಗಳಲ್ಲಿ ಯಕ್ಷಗಾನ, ನಾಟಕ, ಸನ್ಮಾನಗಳಿಗೆ ಕೊರತೆಯಿಲ್ಲ. ಬರುವ ಎಪ್ರಿಲ್ ಸಪ್ತಾಹದಲ್ಲಿ ಒಂದು ಭಾನುವಾರದ ಬೆಳಗನ್ನು ಇದಕ್ಕಾಗಿ ಮೀಸಲಿಟ್ಟು, ಸಮೀಪದ ಠಾಣೆಯ ಅಧಿಕಾರಿಗಳನ್ನು ಆಹ್ವಾನಿಸಬಾರದೇಕೆ? ಹೋಟೆಲು ಹುಡುಗರನ್ನೂ ಗೃಹಿಣಿಯರನ್ನೂ ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ನಂದಕವನ್ನು ಅವರ ಕೈಗೇ ಕೊಟ್ಟು ಅಭ್ಯಾಸ ಮಾಡಿಸಬೇಕು. ನಮಗಾಗಿ ಪ್ರಾಣವನ್ನು ಪಣವಾಗಿಟ್ಟು ಒಳನುಗ್ಗುವ ಯೋಧರ ಭಾರವನ್ನು ಅಷ್ಟರಮಟ್ಟಿಗಾದರೂ ಹಗುರಗೊಳಿಸುವುದೇ ನಾವು ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ.