ಮನೆವಾರ್ತೆಯೂ ಚರಿತ್ರೆಯೇ

ಚರಿತ್ರೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುವು ದಂಡು, ದರಬಾರು, ಒಪ್ಪಂದ, ಶರಣಾಗತಿ. ದಂಡು ಊರನ್ನು ಹೊಕ್ಕ ದಿನ ಆ ಊರಿನ ತಾಯಿಯೊಬ್ಬಳು ಒಲೆ ಹೊತ್ತಿಸಿದಳೇ, ಅಥವಾ ಹೊಗೆ ಕಂಡೀತೆಂದು ಅಂಜಿ ಮಕ್ಕಳನ್ನು ಹಸಿದಿರಿಸಿದಳೇ ಎಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಎಡೆಯಿರುವುದು ಅಪರೂಪ. ಆದರೂ ಕಷ್ಟಕಾಲದಲ್ಲಿ ಜನ ಉಳಿಯುವುದೂ ಅಳಿಯುವುದೂ ಹೀಗೆ ಮನೆಯೊಳಗೆ ಕೈಗೊಂಡ ಸಣ್ಣ ನಿರ್ಧಾರಗಳಿಂದಲೇ. ಈ ಮಾತನ್ನು ಸಂಕಟದ ನಡುವೆಯೇ ಮನಗಂಡ ನಾಡೊಂದುಂಟು.

1940ರ ಮೇ ತಿಂಗಳಲ್ಲಿ ಜರ್ಮನಿಯ ಸೇನೆ ಹಾಲೆಂಡನ್ನು ಆಕ್ರಮಿಸಿತು. ಅಲ್ಲಿದ್ದ ಯಹೂದ್ಯರು ಸುಮಾರು 1,40,000 ಮಂದಿ. ಅವರ ಬಾಳನ್ನು ಆಕ್ರಮಣಕಾರರು ಒಮ್ಮೆಗೇ ಕಿತ್ತುಹಾಕಲಿಲ್ಲ, ಎಳೆಯೆಳೆಯಾಗಿ ಬಿಚ್ಚಿದರು. ಮೊದಲು ನೌಕರಿ ಹೋಯಿತು, ಬಳಿಕ ಮಕ್ಕಳ ಶಾಲೆ ಬೇರೆಯಾಯಿತು. 1942ರಲ್ಲಿ ಉಡುಪಿನ ಮೇಲೆ ಹಳದಿ ನಕ್ಷತ್ರ ಬಂದಿತು. ಸೈಕಲ್ಲನ್ನು ಒಪ್ಪಿಸಬೇಕಾಯಿತು, ಸಂತೆಗೆ ಹೋಗಲು ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ ಅನುಮತಿ. ಕೊನೆಗೆ ಬಂದದ್ದು ರೈಲುಬಂಡಿ. ಯುದ್ಧ ಮುಗಿಯುವ ಹೊತ್ತಿಗೆ ಅವರಲ್ಲಿ 1,02,000ದಷ್ಟು ಮಂದಿ ಹತರಾಗಿದ್ದರು.

1944ರ ಮಾರ್ಚ್ 28ರಂದು ಲಂಡನ್ನಿನ ರೇಡಿಯೋದಲ್ಲಿ ಹಾಲೆಂಡಿನ ವಿದ್ಯಾಮಂತ್ರಿ ಗೆರಿಟ್ ಬೋಲ್ಕೆಸ್ಟೈನ್ ತಮ್ಮ ನಾಡವರಿಗೊಂದು ವಿನಂತಿ ಮಾಡಿಕೊಂಡರು. ಈ ಕಾಲದ ಚರಿತ್ರೆಯನ್ನು ಸರಕಾರಿ ಕಾಗದಪತ್ರಗಳಿಂದ ಮಾತ್ರ ಬರೆಯಲಾಗದು, ಸಾಮಾನ್ಯರ ದಿನಚರಿಗಳನ್ನೂ ಪತ್ರಗಳನ್ನೂ ಜೋಪಾನವಾಗಿಡಿರಿ ಎಂಬುದು ಅದರ ತಾತ್ಪರ್ಯ. ಆಮ್ಸ್ಟರ್‌ಡ್ಯಾಮಿನ ಕಾಲುವೆಯ ದಂಡೆಯ ಕಟ್ಟಡವೊಂದರ ಹಿಂಭಾಗದಲ್ಲಿ ಏಳು ಮಂದಿಯೊಡನೆ ಅಡಗಿದ್ದ ಹದಿನಾಲ್ಕರ ಬಾಲೆ ಆನ್ ಫ್ರಾಂಕ್ ಅದನ್ನು ಕೇಳಿದಳು. ತನ್ನ ದಿನಚರಿಯನ್ನು ಮತ್ತೆ ತಿದ್ದಿ ಬರೆಯಲು ಕುಳಿತಳು. ಅದರಲ್ಲಿರುವುದು ಏನು? ಕೆಳಗಿನ ಉಗ್ರಾಣದಲ್ಲಿ ಕೆಲಸಗಾರರಿರುವಾಗ ಕೆಮ್ಮಬಾರದು, ನೀರು ಬಿಡಬಾರದು ಎಂಬ ಕಟ್ಟು. ಸಾಲದ ಊಟ, ತಾಯಿಮಗಳ ಮನಸ್ತಾಪ, ಹೊರಗಿನಿಂದ ಅನ್ನ ತಂದುಕೊಡುವವರ ಹೆಜ್ಜೆಯ ಸದ್ದಿಗಾಗಿ ಕಾಯುವಿಕೆ. 1944ರ ಆಗಸ್ಟ್ 4ರಂದು ಅವರೆಲ್ಲ ಸೆರೆಸಿಕ್ಕರು. ಎಂಟು ಜನರಲ್ಲಿ ಮರಳಿ ಬಂದವನು ತಂದೆಯೊಬ್ಬನೇ. ಅವರಿಗೆ ಅನ್ನ ಒದಗಿಸುತ್ತಿದ್ದ ಮೀಪ್ ಗೀಸ್ ಎಂಬ ಹೆಣ್ಣುಮಗಳು ನೆಲದ ಮೇಲೆ ಚೆದರಿದ್ದ ಹಾಳೆಗಳನ್ನು ಆರಿಸಿ ಕಾಪಾಡಿದಳು. ನಾಡು ಬಿಡುಗಡೆಗೊಂಡ ಮೂರನೆಯ ದಿನ, 1945ರ ಮೇ 8ರಂದು, ಹಾಲೆಂಡು ಯುದ್ಧಕಾಲದ ದಾಖಲೆಗಳಿಗೆಂದೇ ಒಂದು ಸಂಸ್ಥೆಯನ್ನು ತೆರೆಯಿತು. ಅಲ್ಲಿ ಇಂದು ಎರಡು ಸಾವಿರಕ್ಕೂ ಮಿಕ್ಕ ದಿನಚರಿಗಳಿವೆ.

ದೂರದ ಈ ವೃತ್ತಾಂತವನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವಿದೆ. ಆ ಬಾಲೆಯ ದಿನಚರಿ ಅಚ್ಚಾದದ್ದು 1947ರ ಜೂನ್ ತಿಂಗಳಲ್ಲಿ. ಅದೇ ತಿಂಗಳು ಹೈದರಾಬಾದಿನ ನಿಜಾಮರು ತಾವು ಭಾರತವನ್ನೂ ಸೇರೆವು, ಪಾಕಿಸ್ತಾನವನ್ನೂ ಸೇರೆವು ಎಂದು ಸಾರಿದರು. ಅಂದು ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಯಾದಗಿರಿ, ಶಹಾಪುರ, ಸುರಪುರಗಳ ಪಾಲಿಗೆ ಭಯದ ಹದಿನೈದು ತಿಂಗಳು ಮೊದಲಾದುವು. ಯಹೂದ್ಯರಿಗೊದಗಿದ ದುರ್ಗತಿಗೂ ಇದಕ್ಕೂ ಸಮವೆನ್ನುವುದು ಸಲ್ಲದು. ಅಲ್ಲಿ ಒಂದು ಜನಾಂಗವನ್ನೇ ಇಲ್ಲವಾಗಿಸುವ ಹವಣಿಕೆಯಿತ್ತು. ಆದರೆ ಬಾಗಿಲು ಬಡಿದ ಸದ್ದಿಗೆ ಎದೆ ನಡುಗುವ ಮನೆಯ ಸ್ಥಿತಿ ಎಲ್ಲೆಡೆಯೂ ಒಂದೇ.

ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ಸುಲಿದರು, ಸುಟ್ಟರು. ಬೀದರ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯೆಯನ್ನು ನಾಡು ಮರೆತಿಲ್ಲ. ಸಂಸ್ಥಾನದ ಕನ್ನಡ ಸೀಮೆಯಿಂದ ಸಂಸಾರಗಳು ಗಡಿ ದಾಟಿ ಭಾರತದ ಊರುಗಳಲ್ಲಿ ಆಸರೆ ಹುಡುಕಿದುವು. ಸುರಪುರದವರಿಗಂತೂ ಪಡುವಣದ ಬಿಜಾಪುರ ಜಿಲ್ಲೆ ನೆರೆಮನೆಯಂತಿತ್ತು. ಆದರೆ ನಡುವಿನ ಗೆರೆ ಎರಡು ರಾಜ್ಯಗಳ ಗೆರೆ. ಅದನ್ನು ದಾಟಿದರೆ ಸೆರಗಿನ ಗಂಟಿನ ಹಣದ ಬೆಲೆಯೂ ಇಳಿಯುತ್ತಿತ್ತು. ನಿಜಾಮರ ಹಾಲಿ ಸಿಕ್ಕಾ ಏಳು ರೂಪಾಯಿಗೆ ಭಾರತದ ಕಲ್ದಾರ್ ರೂಪಾಯಿ ಆರು. ಒಂದು ಸಂಸಾರ ಎಷ್ಟು ದಿನ ತಡೆದೀತೆಂಬುದನ್ನು ಇಂಥ ಲೆಕ್ಕವೇ ತೀರ್ಮಾನಿಸುತ್ತಿತ್ತಲ್ಲವೆ?

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮರು ಶರಣಾದರು. ಆ ದಿನ ನಮಗೆ ವಿಮೋಚನೆಯ ದಿನ, ಅದರಲ್ಲಿ ಸಂದೇಹವಿಲ್ಲ. ಆದರೆ ಮನೆಯ ಚರಿತ್ರೆ ಅಲ್ಲಿಗೆ ನಿಲ್ಲುವುದಿಲ್ಲ. ಅನಂತರದ ವಾರಗಳಲ್ಲಿ ಅಂಜುವ ಸರದಿ ಮುಸಲ್ಮಾನರ ಮನೆಗಳದಾಯಿತು. ರಜಾಕಾರರ ಪಾತಕಕ್ಕೆ ಅದರಲ್ಲಿ ಪಾಲಿಲ್ಲದ ನೆರೆಯವನು ತಲೆದಂಡ ತೆತ್ತನು. ನೆಹರೂ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿ, ಸತ್ತವರು 27,000ದಿಂದ 40,000ದವರೆಗೆ ಇದ್ದಾರೆಂದು ಅಂದಾಜು ಮಾಡಿತು. ಬಹಳ ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ ಒಂದು. ತಮ್ಮ ಜೀವವನ್ನು ಪಣವಾಗಿಟ್ಟು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದುಗಳನ್ನೂ, ಒಂದೇ ಕಸುಬಿನ ಬಾಂಧವ್ಯದಿಂದ ಮುಸಲ್ಮಾನ ನೇಕಾರರ ಪರ ನಿಂತ ಹಿಂದೂ ನೇಕಾರರನ್ನೂ ಆ ಸಮಿತಿಯೇ ಕೊಂಡಾಡಿದೆ. ಆದರೆ ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ; ಸಾರ್ವಜನಿಕರ ಓದಿಗೆ ಒದಗಿದ್ದು 2013ರ ಸುಮಾರಿಗೆ.

ಯಾದಗಿರಿ ಸೀಮೆಯ ಕೋಲೂರು ಮಲ್ಲಪ್ಪನವರಂಥ ಹೋರಾಟಗಾರರ ಹೆಸರು ಉಳಿದಿದೆ, ಅದು ಉಳಿಯತಕ್ಕದ್ದೇ. ಮನೆಯೊಳಗಿದ್ದವರ ಮಾತು ಮಾತ್ರ ಕಡತಕ್ಕೆ ಏರಲಿಲ್ಲ. ಅಂದಿನ ಕಚೇರಿಯ ಭಾಷೆ ಉರ್ದು; ಅಡುಗೆಮನೆಯ ಭಾಷೆ ಕನ್ನಡ. ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಆ ಕನ್ನಡವನ್ನೂ ಬರೆಯಲು ಯಾರೂ ಕಲಿಸಿರಲಿಲ್ಲ. ದಿನಚರಿಯೆಂಬುದು ಅಕ್ಷರವಿದ್ದವರ ಭಾಗ್ಯ. ನಮ್ಮ ತಾಯಂದಿರ ದಿನಚರಿ ಅವರ ನೆನಪಿನಲ್ಲಿಯೇ ಉಳಿಯಿತು.

1948ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅವರ ಬಳಿಗೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಟಿಪ್ಪಣಿ ಪುಸ್ತಕ ಹಿಡಿದು ಹೋಗಬೇಕು. ಯುದ್ಧದ ಮಾತನ್ನು ಕೇಳುವುದು ಬೇಡ. ಮನೆಯ ಮಾತನ್ನು ಕೇಳಲಿ. ಹಗೇವಿನಲ್ಲಿ ಜೋಳದ ಜೊತೆಗೆ ಇನ್ನೇನನ್ನು ಹೂಳಿದಿರಿ? ಎಮ್ಮೆ ದನಗಳನ್ನು ಯಾರ ವಶಕ್ಕೆ ಬಿಟ್ಟು ಹೋದಿರಿ? ಬಸುರಿ ಹೆಂಗಸನ್ನು ರಾತ್ರಿಯ ದಾರಿಯಲ್ಲಿ ಹೇಗೆ ಸಾಗಿಸಿದಿರಿ? ಅಳುವ ಕೂಸನ್ನು ಹೇಗೆ ಸುಮ್ಮನಿರಿಸಿದಿರಿ? ನಿಮಗೆ ಬಾಗಿಲು ತೆರೆದವರು ಯಾರು, ನೀವು ಯಾರಿಗೆ ತೆರೆದಿರಿ? ಇದನ್ನು ಲಿಂಗಾಯತರ ಓಣಿಯಲ್ಲಿಯೂ, ದಲಿತರ ಕೇರಿಯಲ್ಲಿಯೂ, ಮುಸಲ್ಮಾನರ ಮೊಹಲ್ಲಾದಲ್ಲಿಯೂ ಒಂದೇ ವಿನಯದಿಂದ ಕೇಳಬೇಕು. ಒಂದು ಕಡೆಯ ಕಣ್ಣೀರನ್ನು ಮಾತ್ರ ಬರೆದಿಟ್ಟರೆ ಅದು ಚರಿತ್ರೆಯಾಗದು, ಮುಂದಿನ ಹಗೆಗೆ ಬಿತ್ತನೆಯಾದೀತು.

ಕೊನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಕೆಲವರು ತಡವರಿಸಬಹುದು, ಕೆಲವರು ಹೇಳಲಿಕ್ಕಿಲ್ಲ. ಆ ಮೌನವನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಲಿ. ಬಾಗಿಲು ತೆರೆದವರ ಹೆಸರು ದೊರೆತಲ್ಲಿ ಅದನ್ನು ತಪ್ಪಿಲ್ಲದೆ, ಊರಿನ ಹೆಸರಿನೊಡನೆ ಬರೆದಿಡಲಿ. ಬೇಕಾದದ್ದು ಒಂದು ಪುಸ್ತಕ, ಒಂದು ಲೇಖನಿ, ಮುದುಕಿಯೊಬ್ಬಳ ಮಗ್ಗುಲಲ್ಲಿ ಕುಳಿತುಕೊಳ್ಳುವಷ್ಟು ತಾಳ್ಮೆ. ಕಾಲ ಮಾತ್ರ ನಮ್ಮ ಕೈಯಲ್ಲಿ ಹೆಚ್ಚಿಲ್ಲ.